ಮಾಗಿಯ ಚಳಿಯಲ್ಲೊಂದು ಕಡಲೂರು

ಮನುಷ್ಯನು ತನಗಿಲ್ಲದುದನ್ನೇ ಹೆಚ್ಚಾಗಿ ಕನಸು ಕಾಣುತ್ತಾನೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಕಡಲೆಂಬುದು ಪುಸ್ತಕದ ಮಾತು. ದಟ್ಟವಾದ ಅಡವಿಯೆಂಬುದು ಹರಿಕಥೆಯ ಮಾತು. ನಮ್ಮ ಕಣ್ಣಿಗೆ ಕಾಣುವುದು ಬಂಡೆಗಲ್ಲಿನ ಬೆಟ್ಟಗಳು, ರಾಗಿಯ ಹೊಲಗಳು, ಹಿಪ್ಪುನೇರಳೆಯ ತೋಟಗಳು, ಮಳೆ ಬಂದ ವರ್ಷ ತುಂಬುವ ಕೆರೆಗಳು. 2007ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾಯಿತು. ನನ್ನ ಬಾಲ್ಯದಲ್ಲಿ ಇದೆಲ್ಲವೂ ಕೋಲಾರ ಜಿಲ್ಲೆಗೆ ಸೇರಿದ್ದಿತು.

ಹಾಗೆಂದು ನಮ್ಮ ಸೀಮೆಗೂ ಕಡಲಿಗೂ ನಂಟೇ ಇಲ್ಲವೆನ್ನುವಂತಿಲ್ಲ. ನಂದಿಬೆಟ್ಟದ ಸುತ್ತಣ ಪ್ರದೇಶವು ಹಲವು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿಗಳು ಇಲ್ಲಿಯೇ ಮೊದಲಾಗುತ್ತವೆ. ಗೌರಿಬಿದನೂರಿನ ಪಕ್ಕದಲ್ಲಿ ಹರಿಯುವ ಉತ್ತರ ಪಿನಾಕಿನಿಯು ಪೆನ್ನಾ ನದಿಯೆಂಬ ಹೆಸರಿನಿಂದ ಆಂಧ್ರವನ್ನು ಹಾದು ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನದಿಗಳು ಕಡಲನ್ನು ಕಂಡು ಬರಲು ಹೊರಟುಹೋದವು. ನಾವು ಮಾತ್ರ ಉಳಿದುಕೊಂಡೆವು. ಹೊರಟ ನದಿಗಳಲ್ಲಿಯೂ ವರ್ಷದ ಬಹುಭಾಗ ಮರಳೇ ಹೊರತು ನೀರಿಲ್ಲ.

1972ರ ಮಾಗಿಯ ಕಾಲ. ನಾನು ಎಂಟನೆಯ ತರಗತಿಯಲ್ಲಿದ್ದೆ. ನಮ್ಮ ಕನ್ನಡದ ಮೇಷ್ಟ್ರು ಕಪ್ಪುಹಲಗೆಯ ಮೇಲೆ ‘ಕಡಲತೀರದ ಒಂದು ಹಳ್ಳಿ’ ಎಂದು ಬರೆದು, ಮರುದಿನ ಎಲ್ಲರೂ ಎರಡು ಪುಟಗಳ ಪ್ರಬಂಧವನ್ನು ತರಬೇಕೆಂದು ಆಜ್ಞಾಪಿಸಿದರು. ತರಗತಿಯ ನಲವತ್ತು ಮಕ್ಕಳಲ್ಲಿ ಒಬ್ಬನೂ ಕಡಲನ್ನು ಕಂಡವನಲ್ಲ. ಮೇಷ್ಟ್ರೂ ಕಂಡಿರಲಿಲ್ಲವೆಂಬುದು ನಮಗೆ ಬಹಳ ದಿನಗಳ ಮೇಲೆ ತಿಳಿಯಿತು.

ಆ ರಾತ್ರಿ ನಾನು ಪ್ರಬಂಧವನ್ನು ಬರೆದದ್ದು ನಮ್ಮ ಹುಳುವಿನ ಮನೆಯಲ್ಲಿ ಕುಳಿತು. ರೇಷ್ಮೆಹುಳುವಿಗೆ ಚಳಿ ಆಗದು. 25 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬೆಚ್ಚನೆಯ ಹವೆ ಅದಕ್ಕೆ ಬೇಕು. ಆದುದರಿಂದ ಮಾಗಿಯಲ್ಲಿ ನಮ್ಮ ಮನೆಯ ಹಿರಿಯರು ನಡುಗುತ್ತ ಮಲಗಿದರೂ ಹುಳುಗಳಿಗೆ ಇದ್ದಿಲಿನ ಕೆಂಡ ತಪ್ಪುತ್ತಿರಲಿಲ್ಲ. ಮಕ್ಕಳಾದ ನಾವು ಆ ಬೆಂಕಿಯ ಆಸೆಗೆ ಕಂಬಳಿಯನ್ನು ಹೊತ್ತು ತಟ್ಟೆಗಳ ಪಕ್ಕದಲ್ಲಿಯೇ ಮಲಗುತ್ತಿದ್ದೆವು. ನಾಲ್ಕನೆಯ ಜ್ವರ ಕಳೆದು ಎದ್ದ ಹುಳುಗಳು ಸೊಪ್ಪು ತಿನ್ನತೊಡಗಿದರೆ, ಎಲೆಯ ಮೇಲೆ ಮಳೆ ಸುರಿದಂತೆ ಇಡೀ ರಾತ್ರಿ ಒಂದೇ ಸಮನೆ ಸದ್ದು. ಆ ಸದ್ದನ್ನು ಕೇಳುತ್ತ ನಾನು ನನ್ನ ಕಡಲೂರನ್ನು ಕಟ್ಟಿದೆ.

ಕಟ್ಟಲು ನನ್ನಲ್ಲಿದ್ದ ಸಾಮಗ್ರಿಯಾದರೂ ಏನು? ನಮ್ಮೂರ ಕೆರೆಯನ್ನು ಹಿಗ್ಗಿಸಿ ಕಡಲು ಮಾಡಿದೆ. ಕೆರೆಯ ಹಿಂದಿದ್ದ ಗುಂಡುತೋಪಿನ ಮಾವು, ಹುಣಿಸೆ, ಹೊಂಗೆ, ಹಿಪ್ಪೆಯ ಮರಗಳನ್ನು ಸಾವಿರಪಟ್ಟು ಮಾಡಿ, ಸೂರ್ಯನ ಬೆಳಕೇ ಬೀಳದ ಪುರಾತನ ಅರಣ್ಯವೊಂದನ್ನು ದಡದಲ್ಲಿ ನಿಲ್ಲಿಸಿದೆ. ಅಲ್ಲಿಯ ಜನರಿಗೆ ಕಂಬಳಿ ಹೊದಿಸಿದೆ. ಅವರ ಬಾಯಿಯಿಂದ ಚಳಿಯ ಹೊಗೆಯಾಡಿಸಿದೆ. ಕಡಲ ದಡದಲ್ಲಿ ರಾಗಿಯ ಕಣ ಮಾಡಿಸಿ, ಸಂಜೆಗೆ ಹಿತಕಿದ ಅವರೆಬೇಳೆಯ ಸಾರನ್ನು ಬಡಿಸಿದೆ. ಕೊನೆಗೆ ಮೂರು ಮಾತುಗಳನ್ನು ಬರೆದೆ: ‘ಕಡಲಿನ ಸದ್ದು ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದಿನಂತೆ ಇರುತ್ತದೆ. ಅಲ್ಲಿಯ ಅಡವಿಯನ್ನು ಯಾರೂ ಕಡಿಯುವುದಿಲ್ಲ. ಆ ಊರಿನಲ್ಲಿ ನೀರಿಗಾಗಿ ಯಾರೂ ಜಗಳವಾಡುವುದಿಲ್ಲ.’

ಮರುದಿನ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿಸಿದರು. ಹುಳುವಿನ ಮಾತು ಬಂದಾಗ ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ, ಅಂಕವನ್ನೂ ಕೊಡಲಿಲ್ಲ. ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ, ‘ಕಂಡ ಮೇಲೆ ಇನ್ನೊಮ್ಮೆ ಬರೆ’ ಎಂದು ಬರೆದು ಹಿಂದಿರುಗಿಸಿದರು.

ಅದಾಗಿ ಹದಿನಾಲ್ಕು ವರ್ಷಗಳ ತರುವಾಯ, 1986ರಲ್ಲಿ, ನಾನೇ ಮೇಷ್ಟ್ರಾಗಿ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿಯ ಒಂದು ಪ್ರೌಢಶಾಲೆಗೆ ನೇಮಕಗೊಂಡೆನು. ಅಲ್ಲಿ ಹೋದೊಡನೆ ‘ಮೇಷ್ಟ್ರು’ ಹೋಗಿ ‘ಮಾಸ್ತರು’ ಆದೆ. ಜೋಗದ ಕಡೆಯಿಂದ ಗೇರುಸೊಪ್ಪೆಯ ಘಟ್ಟವನ್ನಿಳಿದ ಬಸ್ಸು ಶರಾವತಿಯ ದಡವನ್ನು ಹಿಡಿದಾಗ ಕಿಟಕಿಯಿಂದ ಕಂಡ ನೀರನ್ನು ನಾನು ಕಡಲೆಂದೇ ಭಾವಿಸಿ ಕೈಮುಗಿದೆ. ಪಕ್ಕದಲ್ಲಿದ್ದ ಮುದುಕರು ನಕ್ಕು, “ಇದು ಹೊಳೆ. ಸಮುದ್ರ ಇನ್ನೂ ಮುಂದೆ ಇದೆ” ಎಂದರು. ಹೊಳೆಯೇ ಇಷ್ಟಾದರೆ ಕಡಲು ಎಷ್ಟಿರಬಹುದೆಂದು ನನಗೆ ಭಯವಾಯಿತು.

ಅಲ್ಲಿ ನಾನು ಕಳೆದ ಮೊದಲ ಮಾಗಿಯನ್ನು ಮರೆಯಲಾರೆ. ಅದನ್ನು ಮಾಗಿಯೆಂದು ಕರೆಯಲು ನನಗೆ ನಾಲಗೆಯೇ ಏಳಲಿಲ್ಲ. ನಾನು ಹೊತ್ತೊಯ್ದಿದ್ದ ಕಂಬಳಿ ಪೆಟ್ಟಿಗೆಯಲ್ಲಿಯೇ ಉಳಿಯಿತು. ಬೆಳಗಿನ ಜಾವ ಸ್ವಲ್ಪ ತಂಪು, ಅಷ್ಟೆ. ದಡದ ಮೇಲೆ ರಾಗಿಯ ಕಣವಿರಲಿಲ್ಲ. ಒಣಗಲು ಹರಡಿದ ಮೀನಿತ್ತು. ಮಳೆಗಾಲದಲ್ಲಿ ಮನೆಯ ಬಾಗಿಲವರೆಗೆ ಅಬ್ಬರಿಸಿ ಬರುತ್ತಿದ್ದ ಕಡಲು ಈಗ ಹಸುವಿನಂತೆ ಸೌಮ್ಯವಾಗಿದ್ದಿತು. ರಂಪಣಿ ಬಲೆಯನ್ನು ಎಳೆಯುವಾಗ ಊರಿನ ಜನರೆಲ್ಲ ಎರಡು ಸಾಲಾಗಿ ಹಗ್ಗ ಹಿಡಿಯುತ್ತಿದ್ದ ಕಾಲವನ್ನು ಹಿರಿಯರು ವರ್ಣಿಸುತ್ತಿದ್ದರು. 1970ರ ದಶಕದ ಕೊನೆಯಿಂದ ಯಂತ್ರದ ದೋಣಿಗಳು ಹೆಚ್ಚಿ, ಮೀನನ್ನು ದಡಕ್ಕೆ ಬರುವ ಮೊದಲೇ ಆಳದಲ್ಲಿ ಹಿಡಿದುಬಿಡುತ್ತಿದ್ದವು. ಬಂಗುಡೆ, ತಾರ್ಲೆಗಳ ರಾಶಿಯ ಕಥೆಗಳನ್ನು ಅವರು ಹೇಳುತ್ತಿದ್ದ ರೀತಿಯು, ನಮ್ಮ ಅಜ್ಜಿ ಕೆರೆಯ ಕೋಡಿ ಬಿದ್ದ ವರ್ಷಗಳನ್ನು ಎಣಿಸುತ್ತಿದ್ದ ರೀತಿಯಂತೆಯೇ ಇದ್ದಿತು. ಕಡಲೂರಿನಲ್ಲಿಯೂ ಕೊರತೆಯಿರಬಹುದೆಂದು ನನ್ನ ಪ್ರಬಂಧದಲ್ಲಿ ನಾನು ಬರೆದಿರಲಿಲ್ಲ.

ನಾನಿದ್ದ ಬಿಡಾರದ ಪಕ್ಕದ ಮನೆಯ ವೃದ್ಧ ಮೀನುಗಾರರಿಗೆ ನಮ್ಮ ಸೀಮೆಯೇ ಒಂದು ಅದ್ಭುತ ಲೋಕ. “ನಿಮ್ಮಲ್ಲಿ ಚಳಿಗೆ ಬಾಯಲ್ಲಿ ಹೊಗೆ ಬರ್ತದಂತೆ, ಹೌದಾ ಮಾಸ್ತರೇ?” ಎಂದು ಕೇಳುವರು. ನಂದಿಬೆಟ್ಟದ ಮೇಲೆ ಮೋಡವೇ ಮನೆಯೊಳಗೆ ಬರುತ್ತದೆಂದರೆ ನಂಬುತ್ತಿರಲಿಲ್ಲ. ಒಂದು ದಿನ ಬಹಳ ಹೊತ್ತು ಯೋಚಿಸಿ, “ಸಮುದ್ರ ಇಲ್ಲದ ಊರಲ್ಲಿ ಜನ ಸಂಜೆ ಹೊತ್ತಿಗೆ ಎಲ್ಲಿ ಹೋಗಿ ನಿಲ್ತಾರೆ?” ಎಂದು ಕೇಳಿದರು. ಕೆರೆಯ ಏರಿಯ ಮೇಲೆ, ಎಂದೆ. ಅವರಿಗೆ ಸಮಾಧಾನವಾದಂತೆ ಕಂಡಿತು.

ಆ ಮಾಗಿಯಲ್ಲಿಯೇ ನಾನು ಮಕ್ಕಳೊಡನೆ ಕರಿಕಾನಮ್ಮನ ಬೆಟ್ಟವನ್ನೇರಿದೆ. ಆ ಸೀಮೆಯಲ್ಲಿ ಕಾನು ಎಂದರೆ ನಿತ್ಯಹಸಿರಿನ ದಟ್ಟವಾದ ಅಡವಿ. ಹಳ್ಳಿಗರು ದೇವತೆಯ ಹೆಸರಿನಲ್ಲಿ ಕಾಪಾಡಿಕೊಂಡು ಬಂದ ಅಂತಹ ಹಲವು ಕಾನುಗಳಲ್ಲಿ ಇದೂ ಒಂದು. ಸುತ್ತಲಿನ ಗುಡ್ಡಗಳು ಬೋಳಾಗಿದ್ದರೂ ದೇವಿಯ ಗುಡ್ಡದಲ್ಲಿ ಕೊಡಲಿಯ ಸದ್ದಿಲ್ಲ. ಡಿಪ್ಟೆರೋಕಾರ್ಪಸ್ ಇಂಡಿಕಸ್ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಮಹಾವೃಕ್ಷಗಳು ಕೊಂಬೆಯಿಲ್ಲದೆ ನೆಟ್ಟಗೆ ಮೇಲೇರಿ, ಬಹಳ ಎತ್ತರದಲ್ಲಿ ಮಾತ್ರ ಕೊಡೆ ಬಿಚ್ಚಿದ್ದವು. ಕೆಳಗೆ ಮಧ್ಯಾಹ್ನದಲ್ಲಿಯೂ ಮುಸ್ಸಂಜೆಯ ಬೆಳಕು. ಕಾಲಿಟ್ಟಲ್ಲಿ ತರಗೆಲೆಯ ಹಾಸು ತಗ್ಗುತ್ತಿತ್ತು. ಅದನ್ನು ಸರಿಸಿದರೆ ಜನವರಿಯಲ್ಲಿಯೂ ಒದ್ದೆಯ ಕರಿಮಣ್ಣು. ಬೆಟ್ಟದ ಮೇಲೆ ನಿಂತು ನೋಡಿದರೆ ಮರಗಳ ನೆತ್ತಿಯಾಚೆ ಅರಬ್ಬೀ ಸಮುದ್ರ ಹೊಳೆಯುತ್ತಿತ್ತು. ನಾನು ಹುಳುವಿನ ಮನೆಯಲ್ಲಿ ಕುಳಿತು ಕಟ್ಟಿದ ಊರು ಹೀಗೆ ನನ್ನೆದುರಿಗೆ ನಿಂತಿತು: ಕಡಲು, ಅದರ ದಡದಲ್ಲಿ ಹಳ್ಳಿ, ಹಳ್ಳಿಯ ಹಿಂದೆ ಯಾರೂ ಕಡಿಯದ ಪುರಾತನ ಅಡವಿ.

ಆದರೆ ನನ್ನ ಕಲ್ಪನೆಗೆ ಹೊಳೆಯದೆ ಹೋದ ಸಂಗತಿಯೊಂದಿದ್ದಿತು. ಇಳಿಯುವಾಗ ಬೆಟ್ಟದ ಬುಡದಲ್ಲಿ ಒಂದು ಹಳ್ಳವು ಹರಿಯುತ್ತಿತ್ತು. ಮಳೆ ನಿಂತು ಮೂರು ತಿಂಗಳಾಗಿದ್ದರೂ ಅದರ ನೀರು ಅಡಿಕೆಯ ತೋಟಗಳಿಗೆ ಹಾಯುತ್ತಿತ್ತು. ಅಡವಿಯು ಮಳೆಗಾಲದ ನೀರನ್ನು ತರಗೆಲೆಯಲ್ಲಿಯೂ ಬೇರಿನಲ್ಲಿಯೂ ಮಣ್ಣಿನಲ್ಲಿಯೂ ಹಿಡಿದಿಟ್ಟು, ಜಿಪುಣ ಗೃಹಿಣಿಯಂತೆ ದಿನಕ್ಕಿಷ್ಟೆಂದು ಕೊಡುತ್ತದೆ. ಮುಂದೆ ಸಿದ್ದಾಪುರದ ದಾರಿಯ ಕತ್ತಲೆಕಾನಿನಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ಕಂಡೆ. ಅಲ್ಲಿ ರಾಮಪತ್ರೆಯ ಜಾತಿಯ ಮರಗಳು ಸದಾ ನೀರು ನಿಂತ ಜೌಗಿನಲ್ಲಿ ಬೆಳೆಯುತ್ತವೆ. ಕೆಸರಿನಲ್ಲಿ ಉಸಿರಾಡಲೆಂದು ಅವುಗಳ ಬೇರುಗಳು ಮಡಿಸಿದ ಮೊಣಕಾಲಿನಂತೆ ನೆಲದಿಂದ ಮೇಲಕ್ಕೆದ್ದಿರುತ್ತವೆ. ಹೂ ಬಿಡುವ ಸಸ್ಯಗಳಲ್ಲಿ ಅತಿ ಪ್ರಾಚೀನವಾದ ಕುಲಗಳಲ್ಲಿ ಇವುಗಳದೂ ಒಂದು. ಸಿಂಗಳೀಕವೆಂಬ ಅಪೂರ್ವ ಕೋತಿಗೂ ಆ ಕಾನೇ ಆಸರೆ.

ಬೇಸಗೆಯ ರಜೆಗೆ ಊರಿಗೆ ಹೊರಟಾಗ ಅಜ್ಜಿಗೆ ತೋರಿಸಲೆಂದು ಒಂದು ಸೀಸೆಯಲ್ಲಿ ಕಡಲ ನೀರನ್ನು ಒಯ್ದೆ. ಅಜ್ಜಿಗೆ ಆಗ ಎಂಬತ್ತರ ಮೇಲಾಗಿತ್ತು. ಬೆರಳನ್ನದ್ದಿ ನಾಲಗೆಗೆ ಮುಟ್ಟಿಸಿಕೊಂಡು ಥೂ ಎಂದು ಉಗಿದು, “ಇಷ್ಟೊಂದು ನೀರು ಮಾಡಿದ ದೇವರು ಕುಡಿಯೋಕಾಗದ ಹಂಗೆ ಯಾಕೆ ಮಾಡಿದನಪ್ಪಾ?” ಎಂದಳು. ನಾನು ಮೇಷ್ಟ್ರಲ್ಲವೆ? ಕಡಲ ನೀರು ಆವಿಯಾಗಿ, ಉಪ್ಪನ್ನು ಅಲ್ಲಿಯೇ ಬಿಟ್ಟು, ಮೋಡವಾಗಿ, ಘಟ್ಟದ ಅಡವಿಯ ಮೇಲೆ ಮಳೆಯಾಗಿ, ಹೊಳೆಯಾಗುವ ಪಾಠವನ್ನು ವಿಸ್ತಾರವಾಗಿ ಹೇಳಿದೆ. ಅವಳು ಎಲ್ಲವನ್ನೂ ಕೇಳಿ, “ಹಂಗಾದರೆ ಕುಡಿಯೋ ನೀರು ಕೊಡೋದು ಕಾಡು ಅನ್ನು” ಎಂದಳು. ಬಳಿಕ, “ಆ ಸೀಸೆ ನೀರನ್ನ ತೆಂಗಿನ ಬುಡಕ್ಕೆ ಹಾಕಬೇಡ, ಸತ್ತೀತು” ಎಂದು ಎಚ್ಚರಿಸಿದಳು.

ನಮ್ಮ ಗುಂಡುತೋಪು ಆ ವೇಳೆಗಾಗಲೇ ಇರಲಿಲ್ಲ. ಮರಗಳು ಒಂದೊಂದಾಗಿ ಹರಾಜಾಗಿದ್ದವು. ಕೆರೆಯಲ್ಲಿ ಹೂಳು ತುಂಬಿದ್ದಿತು. ಇದಕ್ಕಾಗಿ ಇನ್ನೊಬ್ಬರನ್ನು ದೂರುವ ಅಧಿಕಾರ ನನಗಿಲ್ಲ. ಏಕೆಂದರೆ 1988ರಲ್ಲಿ, ಕಡಲೂರಿನಲ್ಲಿ ದುಡಿದ ನನ್ನ ಸಂಬಳದ ಉಳಿತಾಯದಿಂದಲೇ ನಮ್ಮ ಹೊಲದಲ್ಲಿ ಕೊಳವೆಬಾವಿಯನ್ನು ಕೊರೆಸಿದೆವು. ನೀರು ಚಿಮ್ಮಿದಾಗ ಊರೇ ನೆರೆದಿತ್ತು. ಮೂರು ವರ್ಷಗಳಲ್ಲಿ ಪಕ್ಕದ ಹೊಲದವರ ತೆರೆದ ಬಾವಿ ಒಣಗಿತು. ಅವರು ಜಗಳಕ್ಕೆ ಬರಲಿಲ್ಲ. ಕೊಡ ಹಿಡಿದು ನಮ್ಮ ಪಂಪಿನ ಮುಂದೆ ಬಂದು ನಿಂತರು. ಅವರು ಜಗಳವಾಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ಪಂಪನ್ನು ತಿರುಗಿಸುತ್ತಿದ್ದುದು ಯಾವ ಶಕ್ತಿಯೆಂದು ಯೋಚಿಸಿದಾಗ ನಾನು ಬೆರಗಾದೆ. 1964ರಲ್ಲಿ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಕಟ್ಟಲಾಯಿತು. ಆ ನದಿಯ ವಿದ್ಯುತ್ತು ಬಹುಕಾಲ ನಮ್ಮ ರಾಜ್ಯದ ಮುಖ್ಯ ಆಧಾರವಾಗಿದ್ದಿತು. ಅಣೆಕಟ್ಟಿನ ನೀರಿನಲ್ಲಿ ಕಾಡುಗಳೂ ಊರುಗಳೂ ಮುಳುಗಿದವು. ಘಟ್ಟದ ಕಾಡಿನ ಮಳೆಯು ಹೊಳೆಯಾಗಿ, ಹೊಳೆಯು ವಿದ್ಯುತ್ತಾಗಿ, ತಂತಿಯ ಮೇಲೆ ನಮ್ಮೂರಿಗೆ ಬಂದು, ನಮ್ಮ ನೆಲದಾಳದ ನೀರನ್ನು ಮೇಲೆತ್ತುತ್ತಿತ್ತು. ಎತ್ತಿದಷ್ಟನ್ನು ನೆಲಕ್ಕೆ ಹಿಂದಿರುಗಿಸಲು ನಮ್ಮಲ್ಲಿ ಕಾನೂ ಇಲ್ಲ, ತೋಪೂ ಇಲ್ಲ. ಈಗ ನಮ್ಮ ಸೀಮೆಯಲ್ಲಿ ಸಾವಿರ ಅಡಿಗೂ ಆಳವಾದ ಕೊಳವೆಬಾವಿಗಳುಂಟು. ಅನೇಕ ಕಡೆ ಆ ನೀರಿನಲ್ಲಿ ಹಲ್ಲು ಮೂಳೆಗಳಿಗೆ ಕೇಡು ಮಾಡುವ ಫ್ಲೋರೈಡ್ ಉಂಟು. ಬೆಂಗಳೂರಿನ ಜನ ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ ನಮ್ಮ ಕೆಲವು ಕೆರೆಗಳಿಗೆ ಹರಿಸಲಾಗುತ್ತಿದೆ. ಸಕಲೇಶಪುರದ ಘಟ್ಟದ ಎತ್ತಿನಹೊಳೆಯ ನೀರನ್ನು ನಮ್ಮ ಕಡೆಗೆ ತರುವ ಕಾಮಗಾರಿಯೂ ನಡೆದಿದೆ. ನಮ್ಮ ಬಾಯಾರಿಕೆ ಘಟ್ಟದ ಕಾಡಿನ ಬಾಗಿಲವರೆಗೆ ಹೋಗಿದೆ. ಆ ನೀರಿಗಾಗಿ ಕಾದಿರುವವರು ಆ ಕಾಡು ಉಳಿಯಲೆಂದು ಹಾರೈಸುವುದೂ ನ್ಯಾಯವೇ ಸರಿ.

ನನ್ನ ಮೇಷ್ಟ್ರು ಈಗಿಲ್ಲ. ಅವರು ಹೇಳಿದಂತೆ, ಕಂಡ ಮೇಲೆ ಇನ್ನೊಮ್ಮೆ ಬರೆಯಲು ನಾನು ಬಹಳ ತಡಮಾಡಿದೆ. ಹಳೆಯ ಪ್ರಬಂಧದಿಂದ ಕಂಬಳಿಯನ್ನೂ ರಾಗಿಯ ಕಣವನ್ನೂ ತೆಗೆದುಹಾಕಿದ್ದೇನೆ. ನೀರಿಗಾಗಿ ಯಾರೂ ಜಗಳವಾಡುವುದಿಲ್ಲವೆಂಬ ಮಾತನ್ನು ಹೊಡೆದುಹಾಕಿಲ್ಲ. ‘ಅಡವಿಯನ್ನು ಯಾರೂ ಕಡಿಯದಿದ್ದರೆ’ ಎಂದು ಅದರ ಹಿಂದೆ ಸೇರಿಸಿದ್ದೇನೆ. ಹುಳುಗಳು ಸೊಪ್ಪು ತಿನ್ನುವ ಸದ್ದಿನ ಮಾತನ್ನು ಮಾತ್ರ ಒಂದಕ್ಷರವೂ ತಿದ್ದದೆ ಉಳಿಸಿಕೊಂಡಿದ್ದೇನೆ. ತರಗತಿಯು ನಕ್ಕರೂ ಅದು ನಿಜ. ಮಾಗಿಯ ರಾತ್ರಿ, ಇಳಿತದ ವೇಳೆಯಲ್ಲಿ, ಗಾಳಿಮರದ ತೋಪಿನ ಈಚೆ ಮಲಗಿ ಕೇಳಿದರೆ ಕಡಲು ಹಾಗೆಯೇ ಸದ್ದು ಮಾಡುತ್ತದೆ. ಮೊದಲ ಸಲ ಅದನ್ನು ಕೇಳಿದ ರಾತ್ರಿ, ಹುಳುಗಳಿಗೆ ಸೊಪ್ಪು ಮುಗಿಯಿತೇನೋ ಎಂದು ನಾನು ನಿದ್ದೆಗಣ್ಣಿನಲ್ಲಿಯೇ ಎದ್ದು ಕುಳಿತಿದ್ದೆ.