ಯಂತ್ರದೇಹದ ಪ್ರಶ್ನೆಯೂ ಕಡೂರಿನ ಪಾಂಬಬ್ಬೆಯೂ

ಮಮೊರು ಒಶೀ ನಿರ್ದೇಶಿಸಿದ 1995ರ ಜಪಾನೀ ಅನಿಮೇಷನ್ ಚಿತ್ರ ‘ಘೋಸ್ಟ್ ಇನ್ ದ ಶೆಲ್’ ಹಳೆಯದೊಂದು ಪ್ರಶ್ನೆಯನ್ನು ಹೊಸ ವೇಷದಲ್ಲಿ ಮುಂದಿಡುತ್ತದೆ. ನಾಯಕಿ ಕುಸನಾಗಿಯದು ಯಂತ್ರದೇಹ. ಅವಳದೆಂದು ಉಳಿದಿರುವುದು ಮೆದುಳಿನ ಸ್ವಲ್ಪ ಭಾಗ ಮಾತ್ರ. ಕಸ ಸಾಗಿಸುವ ನೌಕರನೊಬ್ಬ ಇಲ್ಲದ ಹೆಂಡತಿ, ಮಗಳಿಗಾಗಿ ಹಂಬಲಿಸುತ್ತಾನೆ. ಹ್ಯಾಕರ್ ಅವನ ನೆನಪುಗಳನ್ನೇ ತಿದ್ದಿರುತ್ತಾನೆ. ದೇಹವೂ ನೆನಪೂ ತನ್ನದಲ್ಲವಾದರೆ ‘ನಾನು’ ಎಂಬುದು ಯಾವುದು?

ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಶರೀರ, ಮಾತು, ಮನಸ್ಸು, ಉಸಿರು ಇವೆಲ್ಲವನ್ನೂ ಪುದ್ಗಲದ ಕಾರ್ಯವೆಂದೇ ಎಣಿಸುತ್ತದೆ. ಜೀವದ ಲಕ್ಷಣ ಉಪಯೋಗ, ಎಂದರೆ ಅರಿಯುವ ಮತ್ತು ಕಾಣುವ ವ್ಯಾಪಾರ. ಆ ನೌಕರನ ನೆನಪು ಸುಳ್ಳಾದರೂ ಅದನ್ನು ಅನುಭವಿಸಿದ ಅರಿವು ಸುಳ್ಳಲ್ಲ.

ಗಂಗರ ಬೂತುಗನ ಅಕ್ಕ ಪಾಂಬಬ್ಬೆ ಕೇಶಲೋಚ ಮಾಡಿಕೊಂಡು 30 ವರ್ಷ ತಪಸ್ಸನ್ನಾಚರಿಸಿ ದೇಹ ಬಿಟ್ಟಳೆಂದು ಕಡೂರಿನ ಕ್ರಿ.ಶ. 971ರ ಶಾಸನ ಹೇಳುತ್ತದೆ. ರಾಜವೈಭವ, ಕೇಶ, ಕಡೆಗೆ ಶರೀರ ಹೀಗೆ ತನ್ನದಲ್ಲದ್ದನ್ನು ಅವಳು ಕಳಚುತ್ತ ಹೋದಳು. ಕುಸನಾಗಿಯಾದರೋ ಕಂಪ್ಯೂಟರ್ ಜಾಲದಲ್ಲಿ ಹುಟ್ಟಿದ ಪ್ರಜ್ಞೆಯೊಡನೆ ಬೆರೆತು ಇನ್ನೊಂದು ದೇಹದಲ್ಲಿ ಕಣ್ತೆರೆಯುತ್ತಾಳೆ. ಜೈನ ದೃಷ್ಟಿಯಲ್ಲಿ ಜೀವಗಳು ಹೀಗೆ ಬೆರೆಯಲಾರವು; ಸಿದ್ಧಪದವಿಯಲ್ಲಿಯೂ ಪ್ರತ್ಯೇಕವಾಗಿಯೇ ಉಳಿಯುತ್ತವೆ. ಆದುದರಿಂದ ಅವಳಿಗೆ ದೊರೆತದ್ದು ಭವಾಂತರವೇ ಹೊರತು ಬಿಡುಗಡೆಯಲ್ಲ. ಪಾಂಬಬ್ಬೆ ಅರಸಿದ್ದು ಬಿಡುಗಡೆಯನ್ನು.