ಅಜ್ಜಿಯ ಹಾಡು ಮತ್ತು ಟಕ್ ಟಕ್ ಅಂದ ಹಾರ್ಡ್‌ಡಿಸ್ಕ್

ನಮ್ಮ ಹತ್ತಿರ ಇರುವುದು ಒಂದೇ ಲ್ಯಾಪ್‌ಟಾಪ್. ನಾವು ಮೂವರು. ಪತ್ರಿಕೋದ್ಯಮ ಓದಿ ಊರಿಗೆ ಮರಳಿದ ವರ್ಷ ತಲಾ ಐದು ಸಾವಿರ ಹಾಕಿ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಇರುತ್ತದೆ. ಗ್ರಾಮಸಭೆಯ ಸುದ್ದಿ ಬರೆಯುವುದು, ಫೋಟೋ ತಿದ್ದುವುದು, ಆಡಿಯೋ ಕತ್ತರಿಸುವುದು ಎಲ್ಲವೂ ಅದರಲ್ಲೇ.

ಹೋದ ವರ್ಷದ ಹೊತ್ತಿಗೆ ಅದು ಎಷ್ಟು ನಿಧಾನವಾಗಿತ್ತೆಂದರೆ, ಸ್ವಿಚ್ ಒತ್ತಿ ಬಸ್‌ಸ್ಟ್ಯಾಂಡ್ ಹೋಟೆಲಿಗೆ ಹೋಗಿ ಟೀ ಕುಡಿದು ಬಂದರೂ ಪರದೆಯ ಮೇಲೆ ಚುಕ್ಕಿಗಳು ತಿರುಗುತ್ತಲೇ ಇರುತ್ತಿದ್ದವು. ಒಂದು ಸಲ ನಿಮಿಷ ಲೆಕ್ಕ ಹಾಕಿದೆವು. ಕೆಲಸಕ್ಕೆ ಸಿದ್ಧವಾಗಲು ಒಂಬತ್ತು ನಿಮಿಷ. ನಮ್ಮೂರಲ್ಲಿ ಕರೆಂಟ್ ಇರುವ ಹೊತ್ತು ನಿಮಗೂ ಗೊತ್ತು. ಬ್ಯಾಟರಿ ತಡೆಯುತ್ತಿದ್ದದ್ದು ಅರ್ಧ ಗಂಟೆ. ಅದರಲ್ಲಿ ಒಂಬತ್ತು ನಿಮಿಷ ಬರೀ ಕಾಯುವುದಕ್ಕೆ ಹೋಗುತ್ತಿತ್ತು. ಎಷ್ಟೋ ಸುದ್ದಿ ಹೀಗೇ ಹಳಸಿಹೋದವು.

ಆದರೂ ನಾವು ಸುಮ್ಮನಿದ್ದೆವು. ಎತ್ತು ಮುದಿಯಾದರೂ ಗಾಡಿ ಎಳೆಯುತ್ತಿದೆಯಲ್ಲ ಅನ್ನುವ ಸಮಾಧಾನ. ಆ ಸಮಾಧಾನ ಹೋದದ್ದು ಒಂದು ಸಂಜೆ, ಅದರೊಳಗಿಂದ ಟಕ್, ಟಕ್ ಅನ್ನುವ ಸದ್ದು ಕೇಳಿದಾಗ.

ಆ ಸದ್ದಿಗೆ ನಾವು ಯಾಕೆ ಹೆದರಿದೆವು ಅಂತ ಹೇಳಬೇಕು. ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದರು. ಸೋಬಾನೆ ಪದ, ಬೀಸುವ ಪದ, ತೊಟ್ಟಿಲ ಪದ ಎಲ್ಲ ಅವರ ಬಾಯಲ್ಲಿ. ಎರಡು ವರ್ಷ ಆಗಾಗ ಹೋಗಿ ಅವರ 38 ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದೆವು. ಮೊಬೈಲ್ ತುಂಬಿದಾಗಲೆಲ್ಲ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನಿಂದ ಅಳಿಸುತ್ತಿದ್ದೆವು. ಅಜ್ಜಿ ತೀರಿಕೊಂಡರು. ವರ್ಷದ ತಿಥಿಗೆ ಹಾಡುಗಳನ್ನು ಹಾಕೋಣ, ಕೊಡ್ರಪ್ಪಾ ಅಂತ ಅವರ ಸೊಸೆ ಕೇಳಿದ್ದರು. ತರ್ತೀವಿ ಅಕ್ಕಾ ಅಂತ ನಾವು ಮಾತು ಕೊಟ್ಟಿದ್ದೆವು. ಆ 38 ಪದಗಳು ಇದ್ದದ್ದು ಆ ಒಂದೇ ಲ್ಯಾಪ್‌ಟಾಪಿನಲ್ಲಿ, ಆ ಟಕ್ ಟಕ್ ಅನ್ನುವ ಹಾರ್ಡ್‌ಡಿಸ್ಕ್‌ನಲ್ಲಿ. ಬೇರೆಲ್ಲೂ ಒಂದು ಪ್ರತಿ ಇರಲಿಲ್ಲ. ಓದುವಾಗ ಪ್ರತಿ ಇಟ್ಟುಕೊಳ್ಳಿ ಅಂತ ನಮಗೆ ಹೇಳದ ಮೇಷ್ಟ್ರಿಲ್ಲ.

ಮೊದಲು ಹೋದ ಕಂಪ್ಯೂಟರ್ ಅಂಗಡಿಯವರು ಮುಚ್ಚಳವನ್ನೂ ತೆಗೆಯಲಿಲ್ಲ. "ಹಳೇ ಮಾಡೆಲ್ ರೀ, ಇದಕ್ಕೆ ದುಡ್ಡು ಹಾಕ್ಬೇಡಿ. ಮೂವತ್ತೈದು ಸಾವಿರದಲ್ಲಿ ಹೊಸದು ಬರುತ್ತೆ" ಅಂದರು. ನಮ್ಮ ಮೂವರ ಜೇಬು ಸೇರಿಸಿದರೆ ಅದರ ಕಾಲುಭಾಗವೂ ಇರಲಿಲ್ಲ.

ಆಮೇಲೆ ಹೋದದ್ದು ಮೊಬೈಲ್ ರಿಪೇರಿ ಮಾಡುವ ಒಬ್ಬ ಅಣ್ಣನ ಹತ್ತಿರ. ಐಟಿಐ ಓದಿದವರು. ಲ್ಯಾಪ್‌ಟಾಪಿಗೆ ಕಿವಿ ಇಟ್ಟು ಕೇಳಿ, ತಕ್ಷಣ ಆಫ್ ಮಾಡಿದರು. "ಇನ್ನು ಇದನ್ನ ಆನ್ ಮಾಡ್ಬೇಡಿ ಕಣ್ರಪ್ಪಾ. ಆನ್ ಮಾಡಿದಷ್ಟೂ ಸಾಯುತ್ತೆ. ಮಿಷನ್ನು ಗಟ್ಟಿಯಾಗೇ ಇದೆ. ಹೋಗಿರೋದು ಹಾರ್ಡ್‌ಡಿಸ್ಕು. ಅದನ್ನ ತೆಗೆದು ಎಸ್‌ಎಸ್‌ಡಿ ಹಾಕಿದ್ರೆ ಇನ್ನೂ ನಾಲ್ಕು ವರ್ಷ ಓಡುತ್ತೆ."

ಹಾರ್ಡ್‌ಡಿಸ್ಕ್ ಅಂದರೇನು ಅಂತ ನಮಗೆ ಅವತ್ತೇ ಸರಿಯಾಗಿ ತಿಳಿದದ್ದು. ಅವರ ಹತ್ತಿರ ಕೆಟ್ಟುಹೋದ ಒಂದು ಇತ್ತು, ಬಿಚ್ಚಿ ತೋರಿಸಿದರು. ಒಳಗೆ ಕನ್ನಡಿಯಂತೆ ಹೊಳೆಯುವ ದುಂಡನೆಯ ತಟ್ಟೆ. ಅದರ ಮೇಲೆ ಓಡಾಡುವ ಸಣ್ಣ ತೋಳು. ನಮ್ಮ ಲ್ಯಾಪ್‌ಟಾಪಿನ ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ತೋಳಿನ ತುದಿ ತಟ್ಟೆಯನ್ನು ಮುಟ್ಟುವುದಿಲ್ಲ, ಕೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಸಂದಿನಲ್ಲಿ ತೇಲುತ್ತ ಓದುತ್ತದೆ. ಬೇಕಾದ ಅಕ್ಷರ ಇರುವ ಜಾಗಕ್ಕೆ ತೋಳು ಸರಿಯಬೇಕು, ತಟ್ಟೆ ತಿರುಗಿ ಆ ಜಾಗ ಅದರ ಕೆಳಗೆ ಬರಬೇಕು. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಲ್ಯಾಪ್‌ಟಾಪ್ ಶುರುವಾಗುವಾಗ ಬೇರೆ ಬೇರೆ ಜಾಗದಲ್ಲಿರುವ ಸಾವಿರಾರು ಸಣ್ಣ ಸಣ್ಣ ಫೈಲುಗಳನ್ನು ಓದಬೇಕು. ಪ್ರತಿಯೊಂದಕ್ಕೂ ಸರಿಯುವುದು, ಕಾಯುವುದು. ಹಳೇ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಬ್ಬನೇ ಜವಾನ ಒಂದೊಂದೇ ಕಡತ ಹುಡುಕಿ ತಂದಂತೆ.

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ. ತಿರುಗುವ ಭಾಗವೇ ಇಲ್ಲ. ನಿಮ್ಮ ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ ಇರುವಂಥದ್ದೇ ಚಿಪ್ಪು, ಅದಕ್ಕಿಂತ ಬಲವಾದದ್ದು. ಎಲ್ಲಿಂದ ಬೇಕಾದರೂ ನೇರವಾಗಿ ಓದುತ್ತದೆ. ಹಾರ್ಡ್‌ಡಿಸ್ಕ್ ಒಂದು ಫೈಲನ್ನು ಹುಡುಕಿ ಮುಟ್ಟುವಷ್ಟರಲ್ಲಿ ಎಸ್‌ಎಸ್‌ಡಿ ನೂರಾರು ಫೈಲು ಮುಟ್ಟಿರುತ್ತದೆ. ದೊಡ್ಡ ಫೈಲು ಓದುವಾಗಲೂ ನಮ್ಮಂಥ ಹಳೇ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಕೊಟ್ಟರೆ, ಸಾಟಾ ಎಸ್‌ಎಸ್‌ಡಿ 500 ಎಂಬಿ ಆಸುಪಾಸು ಕೊಡುತ್ತದೆ.

ಹಾರ್ಡ್‌ಡಿಸ್ಕನ್ನು ಹೀಗಳೆಯುವಂತೆಯೂ ಇಲ್ಲ. 1956ರಲ್ಲಿ ಐಬಿಎಂ ಕಂಪನಿ ತಂದ ಮೊದಲ ಹಾರ್ಡ್‌ಡಿಸ್ಕ್‌ನಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವು. ಅಷ್ಟೆಲ್ಲ ಇದ್ದೂ ಅದರಲ್ಲಿ ಹಿಡಿಯುತ್ತಿದ್ದದ್ದು ನಾಲ್ಕು ಎಂಬಿಗೂ ಕಡಿಮೆ, ಅಂದರೆ ಇವತ್ತಿನ ಮೊಬೈಲಿನ ಒಂದು ಫೋಟೋದಷ್ಟು. ಎಸ್‌ಎಸ್‌ಡಿಯ ಚಿಪ್ಪಿನ ಹಿಂದಿರುವವರು ಜಪಾನಿನ ಫುಜಿಯೊ ಮಸುವೊಕಾ. ತೋಷಿಬಾದಲ್ಲಿ ಕೆಲಸ ಮಾಡುತ್ತಿದ್ದಾಗ 1987ರಲ್ಲಿ ಅವರು ಲೋಕಕ್ಕೆ ತೋರಿಸಿದ ನ್ಯಾಂಡ್ ಫ್ಲ್ಯಾಶ್ ಅನ್ನುವುದೇ ಇವತ್ತು ಮೊಬೈಲು, ಪೆನ್‌ಡ್ರೈವು, ಎಸ್‌ಎಸ್‌ಡಿ ಎಲ್ಲದರೊಳಗೆ ಕೂತಿದೆ.

ನಮಗೆ ಆತುರ. ಹಾರ್ಡ್‌ಡಿಸ್ಕ್‌ನಲ್ಲಿರುವುದನ್ನೆಲ್ಲ ಇದ್ದಂತೆಯೇ ಎಸ್‌ಎಸ್‌ಡಿಗೆ ಇಳಿಸಿಬಿಡಿ, ಕ್ಲೋನ್ ಅಂತಾರಲ್ಲ, ಅದನ್ನು ಮಾಡಿ ಅಂದೆವು. ಅಣ್ಣ ಒಪ್ಪಲಿಲ್ಲ. "ಮನೆಗೆ ಬೆಂಕಿ ಬಿದ್ರೆ ಮೊದಲು ಮಕ್ಕಳನ್ನ ಹೊರಗೆ ತರ್ತೀರೋ, ಬೀರುನೋ? ಕ್ಲೋನ್ ಅಂದ್ರೆ ಮೊದಲಿಂದ ಕೊನೆವರೆಗೂ ಎಲ್ಲಾ ಓದ್ಬೇಕು. ಅರ್ಧದಲ್ಲಿ ಸತ್ರೆ ಏನ್ಮಾಡ್ತೀರಿ? ಯಾವುದು ಮೊದಲು ಬೇಕು ಹೇಳಿ."

ಅಂಗಡಿಯ ಬೆಂಚಿನ ಮೇಲೆ ಕೂತು ಮೂವರೂ ಪಟ್ಟಿ ಮಾಡಿದೆವು. ಮೊದಲು ಅಜ್ಜಿಯ ಪದ. ಆಮೇಲೆ ಊರಿನವರು ಸ್ಕ್ಯಾನ್ ಮಾಡಿಸಿಕೊಂಡಿದ್ದ ಪಹಣಿ, ಪಿಂಚಣಿ ಕಾಗದಗಳು. ಆಮೇಲೆ ನಮ್ಮ ಬರಹ. ಕೊನೆಗೆ ಫೋಟೋ. ಸಿನಿಮಾಗಳನ್ನು ಬಿಟ್ಟೆವು. ನಮ್ಮ ಬರಹಕ್ಕಿಂತ ಮೇಲೆ ಇಷ್ಟೊಂದು ಇದೆ ಅಂತ ಆ ಪಟ್ಟಿ ಮಾಡುವವರೆಗೆ ನಮಗೇ ಗೊತ್ತಿರಲಿಲ್ಲ.

ಹಾರ್ಡ್‌ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲ್ಲಿನಲ್ಲಿ ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದರು. ಫೈಲುಗಳು ಒಂದೊಂದೇ ಬರತೊಡಗಿದವು. 35 ಪದ ಬಂದವು. ಮೂರು ನಿಂತವು. ಪರದೆಯ ಮೇಲೆ ದೋಷದ ಸಂದೇಶ, ಒಳಗೆ ಟಕ್ ಟಕ್. ಅವನ್ನು ಬಿಟ್ಟು ಕಾಗದಪತ್ರ, ಬರಹ, ಫೋಟೋ ಎಲ್ಲ ತೆಗೆದ ಮೇಲೆ ಮತ್ತೆ ಪ್ರಯತ್ನಿಸಿದಾಗ ಇನ್ನೊಂದು ಬಂತು. ಎರಡು ಬರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಹಾರ್ಡ್‌ಡಿಸ್ಕ್ ಕಂಪ್ಯೂಟರಿನಲ್ಲಿ ಕಾಣಿಸುವುದೇ ನಿಂತಿತು.

ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಒಳಗೆ ತೇವ ಕೂತು ಇದ್ದದ್ದೂ ಹೋಗುತ್ತದೆ ಅಂತ ಅಣ್ಣ ಬೈದರು. ಡೇಟಾ ಹೊರತೆಗೆಯುವ ದೊಡ್ಡ ಲ್ಯಾಬುಗಳಿವೆ, ಆದರೆ ವಿಚಾರಿಸಿದಾಗ ಅವರು ಹೇಳಿದ ದರ ನಮ್ಮ ಲ್ಯಾಪ್‌ಟಾಪಿಗಿಂತ ಜಾಸ್ತಿ.

ಅವತ್ತು ರಾತ್ರಿ ನಮ್ಮಲ್ಲೊಬ್ಬಳಿಗೆ ನೆನಪಾಯಿತು. ಒಂದು ತೊಟ್ಟಿಲ ಪದವನ್ನು ಅಜ್ಜಿಯ ಮೊಮ್ಮಗಳಿಗೆ ವಾಟ್ಸ್ಯಾಪಿನಲ್ಲಿ ಕಳಿಸಿದ್ದೆವು. ಆಕೆ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಫೋನ್ ಮಾಡಿದರೆ, "ಅದನ್ನ ಹೆಂಗೆ ಅಳಿಸ್ತೀನಿ ಅಕ್ಕಾ, ಮಗೂನ ಮಲಗಿಸೋವಾಗ ದಿನಾ ಹಾಕ್ತೀನಿ" ಅಂದರು. ಐದೇ ನಿಮಿಷಕ್ಕೆ ಪದ ವಾಪಸ್ ಬಂತು. ಹೀಗೆ 37 ಆದವು. ಉಳಿದದ್ದು ಒಂದು ಬೀಸುವ ಪದ. ಅದು ಹೋಯಿತು.

ಎಸ್‌ಎಸ್‌ಡಿ ತರಲು ನಮ್ಮಲ್ಲೊಬ್ಬ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದ. ಅಲ್ಲಿ ತಪ್ಪು ಮಾಲು ತರುವುದು ಸ್ವಲ್ಪದರಲ್ಲಿ ತಪ್ಪಿತು. ಎಸ್‌ಎಸ್‌ಡಿಯಲ್ಲಿ ಎರಡು ಆಕಾರ ಹೆಚ್ಚು ಬಳಕೆಯಲ್ಲಿವೆ. ಒಂದು ಹಳೇ ಹಾರ್ಡ್‌ಡಿಸ್ಕ್‌ನಷ್ಟೇ ಅಗಲದ ಎರಡೂವರೆ ಇಂಚಿನ ಡಬ್ಬಿ. ಇನ್ನೊಂದು ಎಂ.2 ಅನ್ನುವ ತೆಳ್ಳನೆಯ ಪಟ್ಟಿ. ಎಂ.2 ಕೂರಿಸುವ ಜಾಗ ನಮ್ಮ ಹಳೇ ಲ್ಯಾಪ್‌ಟಾಪಿನಲ್ಲಿ ಇಲ್ಲ. ಹಳೇ ಹಾರ್ಡ್‌ಡಿಸ್ಕ್‌ನ ಫೋಟೋ ಅವನ ಮೊಬೈಲಿನಲ್ಲಿ ಇದ್ದದ್ದರಿಂದ ಸರಿಯಾದದ್ದು ಸಿಕ್ಕಿತು. 480 ಜಿಬಿಯದಕ್ಕೆ ನಾವು ಕೊಟ್ಟದ್ದು 2,900 ರೂಪಾಯಿ. ಈ ಬೆಲೆ ಏರಿಳಿಯುತ್ತಿರುತ್ತದೆ, ನೀವು ಕೊಳ್ಳುವ ದಿನ ನಾಲ್ಕು ಕಡೆ ವಿಚಾರಿಸಿ.

ಕೂರಿಸುವುದು ಇಪ್ಪತ್ತು ನಿಮಿಷದ ಕೆಲಸ. ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಿ, ಪವರ್ ಬಟನ್ನನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಒಳಗೆ ಉಳಿದ ವಿದ್ಯುತ್ ಖಾಲಿ ಮಾಡಬೇಕು. ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಅಣ್ಣ ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿಟ್ಟರು. ಆಮೇಲೆ ಪೆನ್‌ಡ್ರೈವಿನಿಂದ ವಿಂಡೋಸ್ ಹಾಕಿದರು. ಹಳೇ ಡಿಸ್ಕ್ ಹೋದರೆ ಲೈಸೆನ್ಸೂ ಹೋಗುತ್ತದೆ ಅಂತ ನಾವು ಹೆದರಿದ್ದೆವು. ಹಾಗಾಗಲಿಲ್ಲ. ಕಂಪನಿಯಿಂದಲೇ ವಿಂಡೋಸ್ ಹಾಕಿ ಬಂದ ಇಂಥ ಲ್ಯಾಪ್‌ಟಾಪುಗಳಲ್ಲಿ ಅದು ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ.

ಮೊದಲ ಸಲ ಆನ್ ಮಾಡಿ ಅಭ್ಯಾಸಬಲದಿಂದ ಟೀಗೆ ಎದ್ದೆವು. "ಎಲ್ಲಿಗ್ರೋ, ಆಯ್ತು" ಅಂದರು ಅಣ್ಣ. ಇಪ್ಪತ್ತು ಸೆಕೆಂಡೂ ಆಗಿರಲಿಲ್ಲ.

ಖುಷಿಯಿಂದ ಹಳೇ ಬರಹವೊಂದನ್ನು ತೆರೆದರೆ ಎದೆ ಧಸಕ್ಕೆಂದಿತು. ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ. ಎಲ್ಲಾ ಹಾಳಾಯ್ತು ಅಂದುಕೊಂಡೆವು. ಹಾಳಾಗಿರಲಿಲ್ಲ. ಅವು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು, ಹೊಸ ವಿಂಡೋಸ್‌ನಲ್ಲಿ ನುಡಿ ಹಾಕಿರಲಿಲ್ಲ ಅಷ್ಟೆ. ಹಾಕಿದೊಡನೆ ಅಕ್ಷರಗಳು ಎದ್ದು ಕೂತವು. ಅವತ್ತಿನಿಂದ ಎಲ್ಲವನ್ನೂ ಯುನಿಕೋಡಿನಲ್ಲೇ ಬರೆಯುತ್ತಿದ್ದೇವೆ. ಅದಾದರೆ ಯಾವ ಮೊಬೈಲಿನಲ್ಲೂ, ಯಾವ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ನೀವೂ ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸುವವರಾದರೆ ಕೆಲವು ಮಾತು. ಇದರಿಂದ ನೆಟ್‌ವರ್ಕ್ ವೇಗ ಆಗುವುದಿಲ್ಲ. ರ‍್ಯಾಮ್ ಕಡಿಮೆ ಇದ್ದರೆ ಒಂದೇ ಸಲ ಹತ್ತು ಪುಟ ತೆರೆದಾಗ ಇನ್ನೂ ತಡವರಿಸುತ್ತದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಹಿಡಿಸದ ಹಳೇ ಮಿಷನ್ನಾದರೆ ಉಬುಂಟು, ಮಿಂಟ್‌ನಂಥ ಉಚಿತ ಲಿನಕ್ಸ್ ಹಾಕಿಸುವುದನ್ನೂ ಯೋಚಿಸಿ. ಹಳೇ ಡಿಸ್ಕನ್ನು ಗುಜರಿಗೆ ಹಾಕಬೇಡಿ, ಅದರಲ್ಲಿ ನಿಮ್ಮ ಕಾಗದಪತ್ರಗಳಿರುತ್ತವೆ. ನಮ್ಮದು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿದೆ. ಎಂದಾದರೂ ದುಡ್ಡು ಕೂಡಿದರೆ ಆ ಒಂದು ಪದಕ್ಕಾಗಿ ಲ್ಯಾಬಿಗೆ ಕಳಿಸುವ ಆಸೆ ಇನ್ನೂ ಇದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಹಾರ್ಡ್‌ಡಿಸ್ಕ್ ಸಾಯುವ ಮುಂಚೆ ಟಕ್ ಟಕ್ ಅಂತ ಕೂಗಿ ಹೇಳಿತು. ಎಸ್‌ಎಸ್‌ಡಿಗೆ ಆ ಬಾಯಿಯೂ ಇಲ್ಲ. ಕೆಲವೊಮ್ಮೆ ಯಾವ ಸುಳಿವೂ ಕೊಡದೆ ನಿಂತುಬಿಡುತ್ತದೆ. ಅದರಲ್ಲಿ ಅಳಿಸಿದ ಫೈಲು ಮರಳಿ ಪಡೆಯುವುದೂ ಕಷ್ಟ. ಹಾಗಾಗಿ ಬೇಕಾದದ್ದನ್ನು ಮೂರು ಕಡೆ ಇಡಿ. ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ತಿಥಿಯ ದಿನ 37 ಪದಗಳ ಪೆನ್‌ಡ್ರೈವ್ ತಗೊಂಡು ಹೋದೆವು. ಒಂದು ಹೋಯಿತು ಅಂತ ಹೇಳಬೇಕಾಗಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಯಾರು ಹೇಳುವುದು ಅಂತಲೇ ಚರ್ಚೆ. ಕೊನೆಗೆ ಮೂವರೂ ಒಟ್ಟಿಗೇ ಹೇಳಿದೆವು. ಸೊಸೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಯಾವುದ್ರಪ್ಪಾ, ಅದೇ ಬೀಸೋದಾ?" ಅಂದರು. ಹೂಂ ಅಂದೆವು.

ಊಟವೆಲ್ಲ ಆದ ಮೇಲೆ, ಪಾತ್ರೆ ತೊಳೆಯುತ್ತ, ಅವರೇ ಮೆಲ್ಲಗೆ ಅದನ್ನು ಶುರು ಮಾಡಿದರು. ನಡುವೆ ಎರಡು ನುಡಿ ಮರೆತರು. ಪಕ್ಕದ ಮನೆಯ ಅಜ್ಜಿ ಒಂದನ್ನು ಎತ್ತಿಕೊಟ್ಟರು, ಇನ್ನೊಂದು ಯಾರಿಗೂ ನೆನಪಾಗಲಿಲ್ಲ. ನಾವು ಮೊಬೈಲ್ ಹಿಡಿದು ರೆಕಾರ್ಡ್ ಮಾಡಿಕೊಂಡೆವು. ಪಾತ್ರೆಯ ಸದ್ದೂ ಅದರಲ್ಲಿದೆ.

ಮನೆಗೆ ಹೋಗುವವರೆಗೂ ಕಾಯಲಿಲ್ಲ. ಅಲ್ಲೇ ಜಗಲಿಯ ಮೇಲೆ ಕೂತು ಮೂರು ಕಡೆ ಕಳಿಸಿದೆವು. ಒಂದು ನಮ್ಮ ಲ್ಯಾಪ್‌ಟಾಪಿಗೆ, ಒಂದು ಅಣ್ಣನ ಅಂಗಡಿಗೆ, ಒಂದು ಬೆಂಗಳೂರಿನ ಮೊಮ್ಮಗಳಿಗೆ.