ಭಾನುವಾರವೂ ನಾಲ್ಕು ಹೆಜ್ಜೆ

ಅಮ್ಮನ ಸೊಂಟದ ಮೂಳೆ ಮುರಿದು ಆಪರೇಷನ್ ಆದದ್ದು ಶನಿವಾರ. ಮರುದಿನ ಆಸ್ಪತ್ರೆಯಲ್ಲಿ ಕೇಳಿದರೆ, "ಇವತ್ತು ಭಾನುವಾರ, ಫಿಸಿಯೋಥೆರಪಿಯವರು ನಾಳೆ ಬರ್ತಾರೆ" ಅಂದರು. ಸೋಮವಾರ ವಾಕರ್ ಹಿಡಿಸಿ ನಿಲ್ಲಿಸಿದಾಗ ಅಮ್ಮನ ಕಾಲು ಗಡಗಡ ನಡುಗಿತು. ಮೂರೇ ಹೆಜ್ಜೆಗೆ ಕೂತುಬಿಟ್ಟರು.

ಇಂಥ ಆಪರೇಷನ್ ಆದ ಮರುದಿನವೇ ರೋಗಿಯನ್ನು ಎಬ್ಬಿಸಬೇಕು, ದಿನಕ್ಕೊಮ್ಮೆಯಾದರೂ ಓಡಾಡಿಸಬೇಕು ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆ 2011ರಲ್ಲೇ ಹೇಳಿದೆ. ಮಲಗಿದಷ್ಟೂ ಸ್ನಾಯು ಕರಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಬೇರೆ.

ಒಳರೋಗಿಗಳ ಮಾತಷ್ಟೇ ಅಲ್ಲ. ನಮ್ಮ ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಮುಂದೆ ದಿನವಿಡೀ ನಿಂತು ಭುಜ, ಸೊಂಟ ಹಿಡಿದುಕೊಂಡವರು ಎಷ್ಟು ಜನ! ವಾರದ ನಡುವೆ ಆಸ್ಪತ್ರೆಗೆ ಹೋದರೆ ಅವತ್ತಿನ ಕೂಲಿ ಹೋಯಿತು. ನೆಲಮಂಗಲ, ಹೊಸಕೋಟೆ, ದೇವನಹಳ್ಳಿಯ ಕಾರ್ಖಾನೆ ಕೆಲಸದವರ ಪಾಡೂ ಇದೇ. ಅವರಿಗೆ ಬಿಡುವಿರುವ ಭಾನುವಾರವೇ ಫಿಸಿಯೋಥೆರಪಿ ವಿಭಾಗ ಬಾಗಿಲು ಹಾಕಿದ್ದರೆ ಅವರು ಬರುವುದು ಯಾವಾಗ?

ಭಾನುವಾರ ಅರ್ಧ ದಿನ, ಪಾಳಿಯ ಮೇಲೆ ಒಬ್ಬರೇ ಫಿಸಿಯೋಥೆರಪಿಸ್ಟ್ ಇದ್ದರೂ ಸಾಕು. ಅವರಿಗೆ ವಾರದ ಮಧ್ಯೆ ರಜೆ ಕೊಡಿ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಇದು ಶುರುವಾಗಲಿ.